ಬೀಳಿಸಿದವರೇ ಎತ್ತಬೇಕು

ನಾನೊಂದು ಭಾರದ ಮೋಟಾರ್ ಸೈಕಲ್ಲು. ಭಾರದ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ಬಾಳಿನ ಒಳ್ಳೆಯದು ಕೆಟ್ಟದ್ದೆಲ್ಲ ನಡೆದದ್ದು ಅದರಿಂದಲೇ. ಹುಟ್ಟಿದ್ದು ಮದರಾಸಿನ ಕಾರ್ಖಾನೆಯಲ್ಲಿ. ಜನ ನನ್ನನ್ನು ಬುಲೆಟ್ ಎನ್ನುತ್ತಾರೆ. ಬರಿಹೊಟ್ಟೆಯಲ್ಲಿ ತೂಗಿದರೂ ನೂರ ಅರವತ್ತು ಕಿಲೋ ಬರುತ್ತೇನೆ, ಪೆಟ್ರೋಲು ತುಂಬಿದರೆ ಇನ್ನೂ ಹೆಚ್ಚು. ಈಗಿನ ಕಾಲದ ಗಾಡಿಗಳನ್ನು ಕಂಡರೆ ನನಗೆ ಮರುಕ. ಗಾಳಿ ಸ್ವಲ್ಪ ಜೋರಾಗಿ ಬೀಸಿದರೂ ಸಾಕು, ಸಾಲಾಗಿ ಮಲಗಿಬಿಡುತ್ತವೆ. ನಾನು ಹಾಗೆ ಸುಮ್ಮಸುಮ್ಮನೆ ಬೀಳುವ ಜಾತಿಯಲ್ಲ. ಆದರೆ ಬಿದ್ದೆನೆಂದರೆ ಏಳುವುದು ನನ್ನ ಕೈಯಲ್ಲಿಲ್ಲ.

ಕಾರ್ಖಾನೆಯಿಂದ ನನ್ನನ್ನು ನೇರವಾಗಿ ಮೈಸೂರಿನ ಪೊಲೀಸ್ ಮೈದಾನಕ್ಕೆ ತಂದರು. ಅಲ್ಲಿ ಹೊಸ ಹುಡುಗರಿಗೆ ಗಾಡಿ ಕಲಿಸುತ್ತಿದ್ದವರು ಹವಾಲ್ದಾರ್ ಖಾದರ್ ಸಾಹೇಬರು. ಅವರು ಓಡಿಸುವುದನ್ನು ಆಮೇಲೆ ಕಲಿಸುತ್ತಿದ್ದರು. ಮೊದಲು ನನ್ನನ್ನು ನೆಲದ ಮೇಲೆ ಮಲಗಿಸಿ, ಮೀಸೆ ತೀಡುತ್ತ ಹೇಳುತ್ತಿದ್ದರು: "ಬೀಳ್ಸಿದೋನೇ ಎತ್ಬೇಕು. ಎತ್ತೋಕಾಗ್ದಿದ್ದೋನು ಹತ್ಬಾರ್ದು. ಕಾಡು ರಸ್ತೇಲಿ ಬಿದ್ರೆ ನಿಮ್ಮ ಮಾವ ಬಂದು ಎತ್ತಾನೇನ್ರೋ?"

ಒಂಟಿಯಾಗಿ ಗಸ್ತು ತಿರುಗುವವರಿಗೆ ಅದು ಸರಿಯಾದ ಮಾತೇ ಆಗಿತ್ತು. ಕಷ್ಟವೆಲ್ಲ ಆ ಹುಡುಗರದು. ನಿಂತಾಗ ನನಗೆ ಕಾಣುವುದು ಜನರ ಮೊಣಕಾಲು, ಪಂಚೆ, ಬೂಟು ಮಾತ್ರ. ಮಲಗಿದಾಗ ಕೆಳಗಿನಿಂದ ಅವರ ಮುಖ ಪೂರ್ತಿ ಕಾಣುತ್ತದೆ. ಅಲ್ಲಿಯವರೆಗೆ ಎದೆಯುಬ್ಬಿಸಿ ನಿಂತ ಎಷ್ಟೋ ಜನರ ಮುಖ ನನ್ನ ಹ್ಯಾಂಡಲಿಗೆ ಕೈ ಹಾಕಿದ ಕೂಡಲೇ ಅಳುವ ಮಗುವಿನಂತಾಗುತ್ತಿತ್ತು.

ಹಾಗೆ ಕಂಡ ಮುಖಗಳಲ್ಲಿ ಪುಟ್ಟಮಾದಯ್ಯನದೂ ಒಂದು. ಕೊಳ್ಳೇಗಾಲದ ಹುಡುಗ, ಇಪ್ಪತ್ತೆರಡು ವರ್ಷ, ಕಡ್ಡಿಯಂತಿದ್ದ. ಅವನನ್ನು ಏಕವಚನದಲ್ಲೇ ಕರೆಯುತ್ತೇನೆ, ಅಷ್ಟು ಹಳೆಯ ಸಲಿಗೆ ನಮ್ಮದು. ಎರಡು ದಿನ ಸೋತ. ಮೂರನೆಯ ದಿನ ಹ್ಯಾಂಡಲನ್ನು ನೆಲದ ಕಡೆಗೆ ತಿರುಗಿಸಿ, ಮಂಡಿ ಬಗ್ಗಿಸಿ ಕೂತು, ಒಂದು ಕೈ ಹ್ಯಾಂಡಲಿಗೆ, ಇನ್ನೊಂದು ಕೈ ಸೀಟಿನ ಕೆಳಗೆ ಕೊಟ್ಟು, ಸೊಂಟಕ್ಕೆ ಭಾರ ಬಿಡದೆ ತೊಡೆಯ ಬಲದಲ್ಲೇ ಎದ್ದ. ಅವನ ಜೊತೆ ನಾನೂ ಎದ್ದೆ. ಖಾದರ್ ಸಾಹೇಬರು ಅವನ ಬೆನ್ನಿಗೊಂದು ಗುದ್ದು ಕೊಟ್ಟು, "ಗಾಡಿ ನಿಂದು" ಎಂದರು.

ಹನ್ನೆರಡು ವರ್ಷ ನಾವಿಬ್ಬರೂ ಸರ್ಕಾರದ ಕೆಲಸ ಮಾಡಿದೆವು. ನನಗೆ ವಯಸ್ಸಾಯಿತೆಂದು ಇಲಾಖೆಯವರು ಹರಾಜಿಗೆ ಇಟ್ಟಾಗ ಮಾದಯ್ಯನೇ ಸವಾಲು ಕೂಗಿ ನನ್ನನ್ನು ಕೊಂಡು ಕೊಳ್ಳೇಗಾಲದ ತನ್ನ ಮನೆಗೆ ತಂದ. ನನ್ನ ಜೊತೆ ಖಾದರ್ ಸಾಹೇಬರ ಆ ಕಾನೂನೂ ಮನೆ ಹೊಕ್ಕಿತು.

ಅವನ ಬಾಮೈದ ಬೆಳ್ಳಪ್ಪನೆಂಬಾತ ಒಮ್ಮೆ ಹೆಣ್ಣು ನೋಡಲು ಹೋಗಬೇಕೆಂದು ನನ್ನನ್ನು ಕೇಳಿದ. ಮಾದಯ್ಯ ಅಂಗಳದಲ್ಲಿ ಎರಡು ಗೋಣಿಚೀಲ ಹಾಸಿ ನನ್ನನ್ನು ಮೆಲ್ಲಗೆ ಮಲಗಿಸಿ, "ಎತ್ತು, ತಗಂಡೋಗು" ಎಂದ. ಬೆಳ್ಳಪ್ಪ ಹೊಸ ಪ್ಯಾಂಟು ಹಾಕಿಕೊಂಡು ಬಂದಿದ್ದ. ಬಗ್ಗಿ ಒಂದು ಸಲ ತಿಣುಕಿದ್ದೇ ತಡ, ಹಿಂದಿನ ಹೊಲಿಗೆ ಪರ್ ಎಂದು ಬಿಟ್ಟಿತು. ಹೆಣ್ಣು ನೋಡಲು ಬಸ್ಸಿನಲ್ಲಿ ಹೋದ, ಅದೂ ಭಾವನ ಪಂಚೆ ಉಟ್ಟುಕೊಂಡು. ನನಗೆ ನಗಲು ಬಂದಿದ್ದರೆ ಅಂದು ನಕ್ಕು ನಕ್ಕು ಇನ್ನೊಮ್ಮೆ ಬೀಳುತ್ತಿದ್ದೆ.

ಆದರೆ ಅದೇ ಗೋಣಿಚೀಲದ ಮೇಲೆ ಇನ್ನೊಂದು ಸಲ ಮಲಗಿದ್ದನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ. ಮಾದಯ್ಯನಿಗೆ ಒಬ್ಬಳೇ ಮಗಳು, ಮಾದೇವಿ. ಚಿಕ್ಕವಳಿದ್ದಾಗ ನನ್ನ ಟ್ಯಾಂಕಿನ ಮೇಲೆ ಕೂತು ಊರು ಸುತ್ತಿದವಳು. ಹತ್ತೊಂಬತ್ತು ತುಂಬಿದಾಗ ಒಂದು ದಿನ, "ಅಪ್ಪಾ, ನಾನೂ ಓಡುಸ್ತೀನಿ" ಎಂದಳು. ಅವಳಿಗೆ ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಅಪ್ಪ ಕೂರುವ ಜಾಗದಲ್ಲಿ ಕೂರಬೇಕಾಗಿತ್ತು, ಅಷ್ಟೇ.

ಮಾದಯ್ಯ ಮಗಳೆಂದು ರಿಯಾಯಿತಿ ತೋರಿಸಲಿಲ್ಲ. ಗೋಣಿಚೀಲ ಹಾಸಿದ. ಎರಡು ಬೆಳಿಗ್ಗೆ ಅವಳು ನನ್ನನ್ನು ಗೇಣಿನಷ್ಟೂ ಅಲುಗಿಸಲಿಲ್ಲ. ಮೂರನೆಯ ಬೆಳಿಗ್ಗೆ ಹಲ್ಲು ಕಚ್ಚಿ, ಅಪ್ಪ ಹೇಳಿದಂತೆಯೇ ಮಂಡಿ ಬಗ್ಗಿಸಿ, ನನ್ನನ್ನು ಮೊಣಕಾಲೆತ್ತರಕ್ಕೆ ತಂದೇಬಿಟ್ಟಳು. ಇನ್ನು ಒಂದು ಮೊಳ. ಒಂದು ಬೆರಳಿನ ಆಸರೆ ಸಿಕ್ಕಿದ್ದರೂ ನಾನು ನಿಂತುಬಿಡುತ್ತಿದ್ದೆ.

"ಅಪ್ಪಾ, ಒಂಚೂರು ಹಿಡ್ಕಳಪ್ಪಾ" ಎಂದಳು.

ಮಾದಯ್ಯ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ. ಹಾಗೇ ನಿಂತಿದ್ದ. ಅವಳ ಕೈ ಸೋತಿತು. ನಾನು ಬಿದ್ದೆ, ಗೋಣಿಚೀಲದ ಮೇಲಲ್ಲ, ಅವಳ ಪಾದದ ಮೇಲೆ. ಹೆಬ್ಬೆರಳಿನ ಉಗುರು ಕಿತ್ತು ಬಂತು.

ಮಾದಯ್ಯನ ಹೆಂಡತಿ ನಿಂಗಾಜಮ್ಮ ಅಡುಗೆಮನೆಯಿಂದ ಓಡಿ ಬಂದಳು. ಮಗಳ ಕಾಲಿಗೆ ಅರಿಶಿನ ಮೆತ್ತುತ್ತ ಗಂಡನ ಕಡೆ ತಿರುಗಿ, "ಒಂದು ಕೈ ಕೊಟ್ಟಿದ್ರ ನಿಮ್ಮ ಕಾನೂನೇನು ಸತ್ತೋಯ್ತಿತ್ತಾ?" ಎಂದಳು.

"ಕಾನೂನು ಕಾನೂನೇ. ಅವ್ಳ ಕೈಲಾಗದಲ್ಲ ಬುಡು" ಎಂದ ಮಾದಯ್ಯ. ನನ್ನನ್ನು ಒಂದೇ ಸಲಕ್ಕೆ ಎತ್ತಿ ನಿಲ್ಲಿಸಿದ. ತಾಯಿ ಮಗಳು ಒಳಗೆ ಹೋದ ಮೇಲೆ ಪಂಚೆಯ ತುದಿಯಿಂದ ನನ್ನ ಲೆಗ್ ಗಾರ್ಡಿನ ಮೇಲಿದ್ದ ರಕ್ತವನ್ನು ಒರೆಸಿದ. ಕಲೆ ಹೋದ ಮೇಲೂ ಒರೆಸುತ್ತಲೇ ಇದ್ದ. ಆ ಹೊತ್ತಿನಲ್ಲಿ ಒಳಗೆ ಹೋಗಿ ಮಗಳ ಹತ್ತಿರ ಒಂದು ಮಾತಾಡಬಾರದಾಗಿತ್ತೇ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಮಾದೇವಿ ಆಮೇಲೆ ನನ್ನನ್ನು ಮುಟ್ಟಲಿಲ್ಲ. ಓದು ಮುಗಿಸಿ ಹೈಸ್ಕೂಲಿನಲ್ಲಿ ಗಣಿತದ ಮೇಡಮ್ಮಾದಳು. ಪಕ್ಕದ ಬೀದಿಗೇ ಮದುವೆಯಾಗಿ ಹೋದಳು. ದಿನಾ ಸಂಜೆ ಸ್ಕೂಟರಿನಲ್ಲಿ ಬಂದು, ಅದನ್ನು ಅಂಗಳದ ಆಚೆ ತುದಿಗೆ ನಿಲ್ಲಿಸಿ, ಅಮ್ಮನ ಹತ್ತಿರ ಗಂಟೆಗಟ್ಟಲೆ ಮಾತಾಡುತ್ತಿದ್ದಳು. ಅಪ್ಪನ ಹತ್ತಿರ ಎರಡೇ ಮಾತು: "ಉಂಡ್ಯಾ? ಮಾತ್ರೆ ತಕ್ಕಂಡ್ಯಾ?" ಹತ್ತೊಂಬತ್ತು ವರ್ಷ ಅಷ್ಟರಲ್ಲೇ ಕಳೆಯಿತು. ಮಾದಯ್ಯ ನನ್ನನ್ನು ತೊಳೆಯುವ ನೆಪದಲ್ಲಿ ಅಲ್ಲೇ ಕೂತು, ಒಳಗಿನ ಅವಳ ನಗುವಿಗೆ ಕಿವಿ ಕೊಡುತ್ತಿದ್ದ.

ನಿವೃತ್ತಿಯಾದ ಮೇಲೆ ಸುತ್ತಲ ಹಳ್ಳಿಯವರು ಅವನನ್ನು ನ್ಯಾಯ ಹೇಳಲು ಕರೆಯುತ್ತಿದ್ದರು. ಹೊಲದ ಬದು, ಬಾವಿಯ ಪಾಲು, ಅಣ್ಣತಮ್ಮಂದಿರ ಜಗಳ. ಹೆತ್ತ ಮಗಳಿಗೇ ಕಾನೂನು ಸಡಿಲಿಸದವನೆಂದು ಅವನಿಗೆ ಹೆಸರಿತ್ತು. ಆ ಹೆಸರು ಹೇಗೆ ಬಂತೆಂದು ಬಲ್ಲ ನನಗೆ ಅದನ್ನು ಕೇಳಿದಾಗಲೆಲ್ಲ ಮೈ ಭಾರವೆನಿಸುತ್ತಿತ್ತು.

ಅವನಿಗೆ ಅರವತ್ತಾರು ತುಂಬಿದ ವರ್ಷ. ಒಂದು ಹುಣಸೆಮರಕ್ಕಾಗಿ ಅಣ್ಣತಮ್ಮಂದಿರು ಬಡಿದಾಡಿಕೊಂಡಿದ್ದರು, ಅವರಿಗೆ ನ್ಯಾಯ ಹೇಳಲು ಹೊರಟಿದ್ದೆವು. ನಾಲೆಯ ಸೇತುವೆಯ ಹತ್ತಿರ ಕುರಿಮಂದೆ ಅಡ್ಡ ಬಂತು. ಮಾದಯ್ಯ ನನ್ನನ್ನು ನಿಲ್ಲಿಸಿ ಎಡಗಾಲು ಊರಿದ. ಊರಿದ್ದು ಸಡಿಲ ಜಲ್ಲಿಯ ಮೇಲೆ. ಓಡುವಾಗ ಎಂದೂ ಬೀಳದ ನಾನು ನಿಂತಲ್ಲೇ ವಾಲಿದೆ. ಅವನು ಹಿಡಿದ, ಹಿಡಿದ, ಇನ್ನು ಆಗದೆಂದಾಗ ಪಕ್ಕಕ್ಕೆ ಜಿಗಿದ. ಅವನಿಗೆ ಏನೂ ಆಗಲಿಲ್ಲ. ಕುರಿಯವನು ತಿರುಗಿಯೂ ನೋಡದೆ ಮುಂದೆ ಹೋದ.

ಮಾದಯ್ಯ ಹ್ಯಾಂಡಲು ತಿರುಗಿಸಿದ, ಮಂಡಿ ಬಗ್ಗಿಸಿದ, ಕೈ ಕೊಟ್ಟ. ನಾನು ಅಲುಗಿದೆ, ಏಳಲಿಲ್ಲ. ಎರಡನೆಯ ಸಲ ಅಲುಗಲೂ ಇಲ್ಲ. ಮೂರನೆಯ ಸಲ ಅವನ ಮೊಣಕಾಲು ಲಟಕ್ಕೆಂದಿತು. ಕೆಳಗಿನಿಂದ ಅವನ ಮುಖ ನೋಡಿದೆ. ಉಸಿರು ಸಿಕ್ಕದೆ ಬಾಯಿ ತೆರೆದಿತ್ತು. ದೇವರೇ, ಒಂದು ಗಳಿಗೆ ನನ್ನನ್ನು ಸೈಕಲ್ಲಿನಷ್ಟು ಹಗುರ ಮಾಡು ಎಂದು ಬೇಡಿಕೊಂಡೆ. ನನ್ನ ಭಾರದ ಮೇಲೆ ನನಗೇ ಸಿಟ್ಟು ಬಂದದ್ದು ಅದೇ ಮೊದಲು.

ಅಷ್ಟರಲ್ಲಿ ಹುಲ್ಲಿನ ಹೊರೆ ಹೊತ್ತ ಇಬ್ಬರು ಹೆಂಗಸರು ಬಂದರು. "ಏನ್ ಮಾದಯ್ನೋರೆ, ಗಾಡಿ ಬಿದ್ದೋಯ್ತಾ?" ಎಂದಳು ಹಿರಿಯಳು.

"ಬೀಳ್ನಿಲ್ಲ ಕನವ್ವ, ನಾನೇ ಮಲಗ್ಸಿವ್ನಿ" ಎಂದ ಮಾದಯ್ಯ. "ಹೊಟ್ಟೆ ಒಳಗ ಏನೋ ಸದ್ದು ಬತ್ತಿತ್ತು, ನೋಡಾವು ಅಂತ."

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವುದು ಇದಕ್ಕೇ. ನನ್ನ ಹೊಟ್ಟೆಯಲ್ಲಿ ಯಾವ ಸದ್ದೂ ಇರಲಿಲ್ಲ. ಟ್ಯಾಂಕಿನ ಮುಚ್ಚಳದಿಂದ ಪೆಟ್ರೋಲು ತೊಟ್ಟಿಕ್ಕುತ್ತಿತ್ತು. ಹೆಂಗಸರು ಹೋಗಲಿಲ್ಲ. ಹೊರೆ ಇಳಿಸಿ, ಎಲೆ ಅಡಿಕೆ ಬಿಚ್ಚಿ, ಅಲ್ಲೇ ಕೂತರು. ಪಾಪ, ಮಾದಯ್ಯ ಇಲ್ಲದ ಸದ್ದನ್ನು ಹುಡುಕುತ್ತ ನನ್ನ ಹೊಟ್ಟೆಯಡಿಗೆ ಬಗ್ಗಿ ಬಗ್ಗಿ ನೋಡಿದ, ಇದ್ದಬದ್ದ ನಟ್ಟುಗಳನ್ನೆಲ್ಲ ಮುಟ್ಟಿದ. ಎಲೆ ಜಗಿದು ಮುಗಿದ ಮೇಲೆ ಹಿರಿಯಳು ಎದ್ದು ಸೆರಗು ಸಿಕ್ಕಿಸಿದಳು.

"ನೋಡಾಯ್ತಾ? ಹಂಗಾದ್ರ ಎತ್ತಾವು ಬನ್ನಿ. ನಮ್ಮ ಎಮ್ಮೆನೂ ಹಿಂಗೇಯ, ಮಲಗಿದ್ರ ಒಬ್ರ ಕೈಲಿ ಏಳಕ್ಕಿಲ್ಲ."

ಮೂವರೂ ಕೈ ಹಾಕಿದರು. ನಾನು ನಿಂತೆ. ಹೆಂಗಸರು ಮತ್ತೇನೂ ಕೇಳದೆ ಹೊರೆ ಹೊತ್ತು ಹೋದರು. ನ್ಯಾಯ ಸೇರಿದ್ದ ಕಟ್ಟೆಯ ಮೇಲೆ ಅಂದು ಮಾದಯ್ಯ ತೀರ್ಪು ಹೇಳಲಿಲ್ಲ. "ಹದಿನೈದು ದಿವ್ಸ ಬುಟ್ಕಂಡು ಹೇಳ್ತೀನಿ" ಎಂದು ಎದ್ದು ಬಂದ.

ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಆರು ದಿನ ನನ್ನನ್ನು ಹೊರಗೆ ತೆಗೆಯಲೂ ಇಲ್ಲ. ಭಾನುವಾರ ಬೆಳಿಗ್ಗೆ ಮಾದೇವಿ ಬಂದು ಅಮ್ಮನ ಜೊತೆ ಅವರೆಕಾಯಿ ಸುಲಿಯುತ್ತ ಜಗಲಿಯ ಮೇಲೆ ಕೂತಿದ್ದಾಗ, ಮಾದಯ್ಯ ಅಂಗಳಕ್ಕೆ ಬಂದು ಗೋಣಿಚೀಲ ಹಾಸಿದ. ನನ್ನನ್ನು ಮಲಗಿಸಿದ. ತಾಯಿ ಮಗಳ ಕೈ ಮೊರದಲ್ಲೇ ನಿಂತಿತು. ಅವರ ಕಣ್ಣೆದುರೇ ಒಂದು ಸಲ, ಎರಡು ಸಲ, ಮೂರು ಸಲ ಎತ್ತಲು ನೋಡಿ ಸೋತ. ಆಮೇಲೆ ಜೇಬಿನಿಂದ ಕೀಲಿ ತೆಗೆದು ಮಗಳ ಮುಂದೆ ಇಟ್ಟ.

"ನಾಲೆ ತಾವ ಬೀಳ್ಸಿದೆ. ಎತ್ತಕ್ಕಾಗ್ನಿಲ್ಲ. ಹುಲ್ಲಿನ ಹೆಂಗಸ್ರು ಎತ್ತಿಕೊಟ್ರು. ಅವ್ರ ತಾವ ಸುಳ್ಳು ಬೇರೆ ಹೇಳ್ದೆ. ಇನ್ನು ನಾನು ಇದ ಹತ್ತಂಗಿಲ್ಲ."

ಮಾದೇವಿ ಕೀಲಿಯನ್ನು ನೋಡಿದಳು, ಅಪ್ಪನನ್ನು ನೋಡಿದಳು. "ನಾನು ಎತ್ತುದ್ರ?" ಎಂದಳು.

"ಎತ್ತುದ್ರ ನಿಂದು."

ಅವಳು ಚಪ್ಪಲಿ ಬಿಟ್ಟು ಬಂದಳು. ಹ್ಯಾಂಡಲು ತಿರುಗಿಸಿ, ಮಂಡಿ ಬಗ್ಗಿಸಿ, ಕೈ ಕೊಟ್ಟಳು. ಮೂವತ್ತೆಂಟರ ಹೆಂಗಸು, ಹುಡುಗಿಯಲ್ಲ. ನನ್ನನ್ನು ಮೊಣಕಾಲೆತ್ತರ ದಾಟಿಸಿದಳು. ಅಲ್ಲಿಗೆ ಅವಳ ಬಲ ಮುಗಿಯಿತು. ಈ ಸಲ ಯಾರನ್ನೂ ಏನೂ ಕೇಳಲಿಲ್ಲ. ಮಾದಯ್ಯನ ಕೈಗಳು ಬೆನ್ನ ಹಿಂದೆಯೇ ಇದ್ದವು. ಆಗ ಅವನು ಧಡಕ್ಕನೆ ಬಂದು ನನ್ನ ಸೀಟಿಗೆ ಹೆಗಲು ಕೊಟ್ಟ.

"ಮುಟ್ಬ್ಯಾಡ ಅಪ್ಪಾ! ಕಾನೂನು!" ಎಂದು ಕಿರುಚಿದಳು ಮಾದೇವಿ.

"ಮಡಗು ಅತ್ತಗೆ ಕಾನೂನ!" ಎಂದ ಮಾದಯ್ಯ.

ನಾನು ನಿಂತೆ. ಕಾನೂನಿನ ಪ್ರಕಾರ ಅಪ್ಪನೂ ಎತ್ತಲಿಲ್ಲ, ಮಗಳೂ ಎತ್ತಲಿಲ್ಲ. ಆ ಮನೆಯಲ್ಲಿ ನನ್ನನ್ನು ಹತ್ತುವ ಹಕ್ಕು ಯಾರಿಗೂ ಉಳಿಯಲಿಲ್ಲ. ಇಬ್ಬರೂ ನನ್ನ ಆಚೆ ಈಚೆ ನಿಂತು ಏದುಸಿರು ಬಿಡುತ್ತ ನಗತೊಡಗಿದರು. ನಿಂಗಾಜಮ್ಮ ಮಾತ್ರ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಒಂದು ವಾರ ಮಾದೇವಿ ಶಾಲೆಯ ಮೈದಾನದಲ್ಲಿ ನನ್ನನ್ನು ಸುತ್ತಿಸಿ ಕಲಿತಳು. ನನ್ನ ಗೇರು ಬಲಗಾಲಿಗೆ, ಸ್ಕೂಟರಿನವರಿಗೆ ಅದು ಕಬ್ಬಿಣದ ಕಡಲೆ. ಹದಿನೈದನೆಯ ದಿನ ಅವಳು ಮುಂದೆ, ಅಪ್ಪ ಹಿಂದೆ, ಹುಣಸೆಮರದ ನ್ಯಾಯಕ್ಕೆ ಹೋದೆವು. ಮಾದಯ್ಯ ಊರವರ ಮುಂದೆ ಮೊದಲು ತನ್ನ ಕಥೆ ಹೇಳಿದ. ಬಿದ್ದದ್ದು, ಸುಳ್ಳು ಹೇಳಿದ್ದು, ಎಲ್ಲವನ್ನೂ. ಗುಂಪಿನಲ್ಲಿದ್ದ ಹುಲ್ಲಿನ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಆಮೇಲೆ ಹಣ್ಣನ್ನು ಸಮಪಾಲು ಮಾಡಿಕೊಳ್ಳಿ ಎಂದು ಅಣ್ಣತಮ್ಮಂದಿರಿಗೆ ಹೇಳಿದ. ಅವರು ಒಪ್ಪಿದರು.

ವಾಪಸು ಬರುವಾಗ ನಾಲೆಯ ಸೇತುವೆ ದಾಟಿದೆವು. ಮಾದಯ್ಯ ಮುಂದಕ್ಕೆ ಬಾಗಿ, ಮಗಳ ಬೆನ್ನಿಗೆ ಹೇಳಿದ: "ಮಾದೇವಿ, ಅವತ್ತು ನಾನು ಕೈ ಕೊಡ್ಬೇಕಾಗಿತ್ತು ಕನವ್ವ. ತಪ್ಪಾಯ್ತು."

ನನ್ನ ಸದ್ದು ನಿಮಗೆ ಗೊತ್ತೇ ಇದೆ. ಮೂರು ಬೀದಿ ಆಚೆಗೂ ಕೇಳುತ್ತದೆ. ಬೇಡದ ಕಡೆಯೆಲ್ಲ, ಸಂತೆಯ ನಡುವೆ, ಏರಿನ ಅರ್ಧದಲ್ಲಿ, ಆಫ್ ಆಗುವ ನಾನು ಅಂದು ಒಂದು ಕ್ಷಣವೂ ಆಫ್ ಆಗಲಿಲ್ಲ.

"ಏನಪ್ಪಾ ಅಂದೆ?" ಎಂದು ಕೂಗಿದಳು ಮಾದೇವಿ.

ಮಾದಯ್ಯ ಹಿಂದಕ್ಕೆ ಸರಿದು ಕೂತ. "ಏನಿಲ್ಲ. ಗುಂಡಿ ಅದ, ನೋಡ್ಕಂಡು ಓಡ್ಸು" ಎಂದ.

ಅವನು ಹೋಗಿ ಎರಡು ವರ್ಷವಾಯಿತು. ನಾನು ಈಗ ಮಾದೇವಿಯ ಮನೆಯ ಹಜಾರದ ಮೂಲೆಯಲ್ಲಿದ್ದೇನೆ. ಎಂಜಿನ್ನು ಹಿಡಿದುಕೊಂಡಿದೆ, ಇನ್ನು ಓಡುವಂತಿಲ್ಲ. ಗುಜರಿಯವನು ಎರಡು ಸಲ ಬಂದು ಕೇಳಿದ, ಅವಳು ಕೊಡಲಿಲ್ಲ. ಭಾನುವಾರ ಭಾನುವಾರ ಒರೆಸುತ್ತಾಳೆ. ಮೊನ್ನೆ ಒರೆಸುತ್ತ ಗಂಡನಿಗೆ ಹೇಳುತ್ತಿದ್ದಳು: "ಅಪ್ಪ ಕೊನೇಗ ನನ್ನ ಜೊತೇಲಿ ಚೆಂದಾಗೇ ಇದ್ದ. ಆದ್ರ ಅವತ್ತಿಂದಕ್ಕ ತಪ್ಪಾಯ್ತು ಅಂತ ಒಂದ್ ಮಾತು ಅಂದಿದ್ರ..." ಅಷ್ಟಕ್ಕೇ ನಿಲ್ಲಿಸಿ, ಬಟ್ಟೆ ಹಿಂಡಿ ಒಳಗೆ ಹೋದಳು.

ಅಂದಿದ್ದ, ಮಾದೇವಿ. ನಿನ್ನ ಬೆನ್ನಿನ ಹಿಂದೆ ಕೂತು, ನಿನ್ನ ಹೆಸರು ಹಿಡಿದು ಅಂದಿದ್ದ. ನಿನಗೆ ಕೇಳಿಸದಂತೆ ಮಾಡಿದವನು ನಾನು.