ಸುಧನ್ವನ ಕೈಯಡುಗೆ

"ಎಲ್ಲಾ ಅವನೇ ಮಾಡಿದ್ದು. ಬೆಳಿಗ್ಗೆಯಿಂದ ನಾನು ಅಡುಗೆಮನೆ ಕಡೆ ತಲೆ ಹಾಕಿಲ್ಲ ನೋಡಿ" ಎಂದರು ರತ್ನಮ್ಮ. ಹೇಳಿದ್ದು ಅಡುಗೆಮನೆಯ ಬಾಗಿಲಲ್ಲೇ ನಿಂತು, ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು.

"ಅವ್ಳನ್ನ ಒಳಗೆ ಬಿಟ್ರೆ ತಾನೇ!" ಎಂದು ಸೋಫಾದಿಂದ ನನ್ನತ್ತ ನೋಡಿ ದನಿಗೂಡಿಸಿದರು ಅವರ ಯಜಮಾನರು ದಾಮೋದರ. "ಈಗಿನ ಹುಡುಗ್ರು ಹಂಗೇ ದಾಕ್ಷಾಯಣಿಯವರೇ. ನಂಗಂತೂ ಇವತ್ತಿಗೂ ಹಾಲು ಕಾಯಿಸೋಕೆ ಬರಲ್ಲ, ಬಿಡಿ."

ಬರಲ್ಲ ಅನ್ನುವುದನ್ನು ಸರ್ಕಾರ ಕೊಟ್ಟ ಪ್ರಶಸ್ತಿಯ ಹಾಗೆ ಹೇಳಿಕೊಂಡರು. ಹಾಸನದ ಕಡೆಯವರು. ಕೇಂದ್ರ ಸರ್ಕಾರದ ಕಚೇರಿಯ ಕೆಲಸಕ್ಕೆಂದು ತಿರುವನಂತಪುರಕ್ಕೆ ಬಂದವರು, ನಿವೃತ್ತಿಯಾದ ಮೇಲೂ ಇಲ್ಲೇ ಫ್ಲ್ಯಾಟ್ ಮಾಡಿಕೊಂಡು ಉಳಿದಿದ್ದಾರೆ.

ನಾನು ಮತ್ತು ನನ್ನ ಅಕ್ಕನ ಮಗಳು ಮಹತಿ ಕೊಚ್ಚಿಯಿಂದ ಬೆಳಗಿನ ರೈಲಿಗೆ ಹೊರಟು ತಿರುವನಂತಪುರದ ತಂಪಾನೂರು ಸ್ಟೇಷನ್ನಿನಲ್ಲಿ ಇಳಿದಿದ್ದೆವು. ಬಂದ ಕೆಲಸ ಗಂಡು ನೋಡುವುದು. ಹೆಣ್ಣು ನೋಡುವ ಶಾಸ್ತ್ರ ಕೇಳಿದ್ದೀರಿ, ಇದು ತಿರುಗಾಮುರುಗಾ. ಮಹತಿ ಕೊಚ್ಚಿಯ ಕಲೂರಿನ ನಮ್ಮ ಮನೆಯಲ್ಲಿದ್ದುಕೊಂಡು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ. ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತು ಕಳೆದ ಮೇಲೇ ವಾಪಸು. ಅವಳದು ಒಂದೇ ಷರತ್ತು: ಮದುವೆಯಾದ ಮೇಲೆ ಅರ್ಧ ಅಡುಗೆ ಗಂಡನದು. ಈ ಒಂದು ಮಾತಿಗೇ ಎರಡು ಸಂಬಂಧ ಫೋನಿನಲ್ಲಿ ಮುರಿದುಬಿದ್ದು, ತುಮಕೂರಿನಲ್ಲಿ ನನ್ನ ಅಕ್ಕ ಅತ್ತೂ ಕರೆದೂ ಆಗಿತ್ತು. ಅಂಥದ್ದರಲ್ಲಿ ಈ ಮನೆಯ ಮಗ ಸುಧನ್ವ, "ವೈ ಹಾಫ್? ಐ ಲವ್ ಕುಕಿಂಗ್! ರೋಸ್ಟೆಡ್ ವೆಜಿಟೇಬಲ್ಸ್ ಈಸ್ ಮೈ ಸ್ಪೆಷಾಲಿಟಿ, ವಿತ್ ಇಂಡಿಯನ್ ಸ್ಪೈಸಸ್" ಅಂದುಬಿಟ್ಟ. "ಹಾಗಾದ್ರೆ ಊಟ ಮಾಡಿಯೇ ಹೇಳ್ತೀನಿ" ಅಂದಳು ಇವಳು. ಮನಸ್ಸಿನಲ್ಲಿ ಮುಕ್ಕಾಲು ಒಪ್ಪಿಯೂ ಆಗಿತ್ತು. ರೈಲಿನ ಕಿಟಕಿ ಗಾಜಿನಲ್ಲಿ ಮತ್ತೆ ಮತ್ತೆ ಕೂದಲು ಸರಿಮಾಡಿಕೊಳ್ಳುತ್ತಿದ್ದುದನ್ನು ನಾನು ನೋಡಿಲ್ಲವೇ?

ನನಗೆ ಮಾತ್ರ ಆ 'ಲವ್' ಮೇಲೆ ನಂಬಿಕೆಯಿರಲಿಲ್ಲ. ದಿನಾ ಅಡುಗೆ ಮಾಡುವವರು ಯಾರೂ ಅಡುಗೆಯನ್ನು ಪ್ರೀತಿಸುತ್ತೇನೆ ಎಂದು ಹೇಳಿಕೊಂಡು ತಿರುಗುವುದನ್ನು ನಾನು ಕಂಡಿಲ್ಲ. ಅವರ ಬಾಯಲ್ಲಿ ಬರುವುದು ಒಂದೇ ಮಾತು: "ನಾಳೆಗೇನು ಮಾಡೋದು?"

ಅಷ್ಟರಲ್ಲಿ ಸುಧನ್ವ ಟ್ರೇ ಹಿಡಿದು ಬಂದ. ಎತ್ತರದ ಹುಡುಗ, ಲಕ್ಷಣವಾಗಿದ್ದ, ಅದರಲ್ಲಿ ತಕರಾರಿಲ್ಲ. ಎದೆಯಿಂದ ಮೊಣಕಾಲಿನವರೆಗೆ ಏಪ್ರನ್ ಕಟ್ಟಿದ್ದ. ಅದರ ಮೇಲೆ ಅರಿಸಿನದ ಒಂದು ಕಲೆಯಾದರೂ ಬೇಡವೇ? ಅಂಗಡಿಯಲ್ಲಿ ಮಡಚಿಟ್ಟಿದ್ದ ಗೆರೆ ಇನ್ನೂ ಹಾಗೇ ಇತ್ತು. ಟ್ರೇಯನ್ನು ಮೇಜಿನ ಮೇಲಿಟ್ಟವನು ಬಡಿಸುವ ಮೊದಲು ಅದರ ಫೋಟೊ ತೆಗೆದ. ಆಮೇಲೆ ಟ್ರೇ ಜೊತೆಗೆ ತನ್ನ ಫೋಟೊ. ಆಮೇಲೆ "ಅಪ್ಪಾ, ಇದೊನ್ನು ಪಿಡಿಚ್ಚೇ" ಎಂದು ದಾಮೋದರರ ಕೈಗೆ ಫೋನು ಕೊಟ್ಟು, ತಾನು ಕೊತ್ತಂಬರಿಸೊಪ್ಪು ಉದುರಿಸುವ ವಿಡಿಯೊ ಮಾಡಿಸಿಕೊಂಡ. ಹುಟ್ಟಿ ಬೆಳೆದದ್ದು ಇಲ್ಲೇ ಆದ್ದರಿಂದ ಕನ್ನಡ ಅವನಿಗೆ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಲಯಾಳಂ, ಇಲ್ಲವೇ ಇಂಗ್ಲಿಷು.

"ವೆರಿ ಸಿಂಪಲ್ ಆಂಟಿ. ಚಾಪ್, ಟಾಸ್ ಆಂಡ್ ರೋಸ್ಟ್."

ನನ್ನ ಅತ್ತೆ ಕೆಂಡದಲ್ಲಿ ಬದನೆಕಾಯಿ ಸುಡುತ್ತಿದ್ದರು, ಬೂದಿಯಲ್ಲಿ ಗೆಣಸು ಹೂಳುತ್ತಿದ್ದರು. ಅದಕ್ಕೊಂದು ಹೆಸರಿದೆ ಎಂದೂ ಅವರಿಗೆ ಗೊತ್ತಿರಲಿಲ್ಲ, ಪಾಪ. ಇವನು ಮಾಡಿದ್ದಕ್ಕೆ ಹೆಸರೂ ಇತ್ತು, ವಿಡಿಯೊನೂ ಇತ್ತು.

ಸುಳ್ಳು ಹೇಳಬಾರದು, ರುಚಿ ಬಲು ಚೆನ್ನಾಗಿತ್ತು. ಸಿಹಿಗುಂಬಳದ ಅಂಚು ಹದವಾಗಿ ಕಂದಿತ್ತು. ಹೂಕೋಸಿಗೆ ಜೀರಿಗೆ, ಕೊತ್ತಂಬರಿಬೀಜ, ಮೆಣಸಿನ ತರಿ ಅಂಟಿಕೊಂಡಿತ್ತು. ಸುವರ್ಣಗೆಡ್ಡೆಯಂತೂ ಹೊರಗೆ ಗರಿಗರಿ, ಒಳಗೆ ಬೆಣ್ಣೆ. ನಾನು ಎರಡನೇ ಸಲ ಹಾಕಿಸಿಕೊಂಡೆ. ಹಾಕಿಸಿಕೊಳ್ಳುತ್ತಲೇ ಯೋಚನೆ ಬಂತು. ಗೆಡ್ಡೆಯನ್ನು ಅರಿಸಿನ, ಹುಣಸೆರಸದಲ್ಲಿ ಅರ್ಧ ಬೇಯಿಸಿ, ಬಸಿದು, ಆರಿಸಿ, ಆಮೇಲೆ ಮಸಾಲೆ ಹಚ್ಚದೆ ಈ ಹದ ಬರುವುದಿಲ್ಲ. ಚಾಪ್, ಟಾಸ್, ರೋಸ್ಟ್ ನಡುವೆ ಇಷ್ಟೆಲ್ಲ ಯಾವಾಗ ಮಾಡಿದ ಇವನು?

ಮಹತಿ ತಿನ್ನುವುದನ್ನು ನಿಲ್ಲಿಸಿ ಕೇಳಿದಳು, "ಮಸಾಲೆ ಏನೇನು ಹಾಕಿದ್ದೀರಿ?"

"ಸ್ಪೈಸಸ್."

"ಯಾವ ಸ್ಪೈಸಸ್?"

"ಇಂಡಿಯನ್" ಎಂದ ಸುಧನ್ವ.

ನನಗೆ ನೆತ್ತಿಗೆ ಹತ್ತಿತು. ಮಹತಿ ನನ್ನ ಬೆನ್ನು ತಟ್ಟುತ್ತಾ, "ಗೆಡ್ಡೆ ಯಾರು ಹೆಚ್ಚಿದ್ದು?" ಎಂದಳು.

"ಮೀ, ಆಫ್ ಕೋರ್ಸ್!"

ನನ್ನ ಕೆಮ್ಮು ಕೇಳಿ ರತ್ನಮ್ಮ ನೀರು ತಂದರು. ಲೋಟ ಕೊಡಲು ಸೆರಗಿನಿಂದ ಕೈ ಹೊರಗೆ ತೆಗೆಯಲೇಬೇಕಾಯಿತು. ಅಂಗೈಯಿಂದ ಮೊಣಕೈವರೆಗೆ ಕೆಂಪು ದದ್ದು. ಲೋಟ ಇಟ್ಟವರೇ ತಡೆಯಲಾಗದೆ ಅಂಗೈಯನ್ನು ಬಳೆಗೆ ಉಜ್ಜಿಕೊಂಡರು. ಹಸಿ ಸುವರ್ಣಗೆಡ್ಡೆ ಹೆಚ್ಚಿದರೆ ಕೈ ಹೇಗೆ ತುರಿಸುತ್ತದೆಂದು ಗೊತ್ತಿಲ್ಲದ ಹೆಂಗಸರು ಅಲ್ಲಿ ಯಾರೂ ಇರಲಿಲ್ಲ. ಗೊತ್ತಿಲ್ಲದ ಗಂಡಸರು ಇಬ್ಬರಿದ್ದರು.

ರತ್ನಮ್ಮ ಒಳಗೆ ಹೋದರು. ಅವರ ಹಿಂದೆ ಮಹತಿ, ಮಹತಿಯ ಹಿಂದೆ ನಾನು.

"ಆಂಟಿ, ಹುಣಸೆಹಣ್ಣು ಎಲ್ಲಿಟ್ಟಿದ್ದೀರಿ?"

"ಯಾಕಮ್ಮ?"

"ಕೈ ಕೊಡಿ."

ಮಹತಿ ಹುಣಸೆಹಣ್ಣನ್ನು ನೀರಲ್ಲಿ ಕಿವುಚಿ ಅವರ ಅಂಗೈಗೆ ತಿಕ್ಕತೊಡಗಿದಳು. ರತ್ನಮ್ಮ ಮೊದಲು ಕೈ ಎಳೆದುಕೊಂಡರು, ಆಮೇಲೆ ಬಿಟ್ಟುಕೊಟ್ಟರು.

"ಎಣ್ಣೆ ಹಚ್ಕೊಳ್ಳದೆ ಹೆಚ್ಚಿದ್ರಾ?" ಎಂದೆ ನಾನು.

"ಚೌಕ ಚೌಕ ಬೇಕು ಅಂತ ವಿಡಿಯೊ ತೋರ್ಸಿದ ರೀ. ಎಣ್ಣೆ ಹಚ್ಚಿದ್ರೆ ಗೆಡ್ಡೆ ಜಾರತ್ತೆ, ಒಂದೇ ಅಳತೆಗೆ ಬರಲ್ಲ" ಎಂದವರು ದನಿ ತಗ್ಗಿಸಿದರು. "ನಿಂಗೆ ಗೊತ್ತಾಯ್ತು ಅಂತ ಅವ್ನಿಗೆ ಹೇಳ್ಬೇಡ ಮಹತಿ. ಒಳ್ಳೆ ಹುಡುಗ ಕಣಮ್ಮ. ಮದುವೆ ಆದ್ಮೇಲೆ ಕಲೀತಾನೆ."

"ಯಾರ ಹತ್ರ ಕಲೀತಾರೆ?"

ಕಟ್ಟೆಯ ಮೇಲೆ ಗೆಡ್ಡೆಯ ಉಳಿದರ್ಧ ಕವುಚಿ ಬಿದ್ದಿತ್ತು. ಮಹತಿಯ ಕಣ್ಣು ಅದರ ಮೇಲೆ ಬಿತ್ತು. ಆಮೇಲೆ ಹಾಲ್‌ನ ಕಡೆ ತಿರುಗಿ ಕರೆದಳು.

"ಸುಧನ್ವ, ಇನ್ನೊಂದು ಟ್ರೇ ಮಾಡೋಣ್ವಾ? ಚಿಕ್ಕಮ್ಮಂಗೆ ತುಂಬಾ ಇಷ್ಟ ಆಯ್ತು. ಗೆಡ್ಡೆ ಇನ್ನೂ ಇದೆ. ನೀವು ಹೆಚ್ಚಿ, ನಾನು ಮಸಾಲೆ ಕುಟ್ತೀನಿ. ಅರ್ಧ ಅರ್ಧ."

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಕೊಂಕು ನುಡಿಯುವ ಕೆಲಸವನ್ನು ನನಗೆ ಬಿಟ್ಟು, ಅವಳು ಆ ಹುಡುಗನಿಗೆ ಇನ್ನೊಂದು ಅವಕಾಶ ಕೊಡುತ್ತಿದ್ದಳು. "ನಂಗೆ ಬರಲ್ಲ, ಅಮ್ಮ ಮಾಡಿದ್ದು" ಎಂದು ನಕ್ಕುಬಿಟ್ಟಿದ್ದರೆ ಇವಳೂ ನಕ್ಕು, ಹೇಳಿಕೊಡುತ್ತೇನೆ ಬನ್ನಿ ಎನ್ನುತ್ತಿದ್ದಳು. ನನಗೆ ನನ್ನ ಹುಡುಗಿ ಗೊತ್ತು.

"ಶುವರ್!" ಎಂದು ಬಂದ ಸುಧನ್ವ. ಬಂದವನೇ ಗೆಡ್ಡೆಯನ್ನು ನಲ್ಲಿಯ ಕೆಳಗೆ ಹಿಡಿದು ಸೇಬು ತೊಳೆದ ಹಾಗೆ ತೊಳೆದ.

"ಒದ್ದೆ ಮಾಡ್ಬೇಡ ಕಣೋ..." ಎಂದರು ರತ್ನಮ್ಮ.

"ಐ ನೋ, ಅಮ್ಮ. ಮಿಂಡಾತಿರಿ!"

ಅಮ್ಮ ಬಾಯಿ ಮುಚ್ಚಿಕೊಂಡರು. ಒದ್ದೆ ಗೆಡ್ಡೆ, ಒದ್ದೆ ಕೈ. ಆಲೂಗೆಡ್ಡೆಯ ಸಿಪ್ಪೆ ತೆಗೆಯುವ ಪೀಲರಿನಲ್ಲಿ ಆ ಒರಟು ಸಿಪ್ಪೆ ಹೆರೆಯಲು ಹೊರಟ. ಆಗಲಿಲ್ಲ. ಚಾಕು ತೆಗೆದುಕೊಂಡ. ಅವನು ಕತ್ತರಿಸಿದ ಹೋಳುಗಳನ್ನು ಚೌಕ ಎನ್ನಬೇಕೋ ಬೆಣೆ ಎನ್ನಬೇಕೋ ನನಗೆ ತಿಳಿಯಲಿಲ್ಲ. ನಾಲ್ಕಾರು ಹೋಳಾಗುವಷ್ಟರಲ್ಲಿ ಬೆರಳ ಸಂದಿ ಕೆರೆದುಕೊಂಡ. ಅದೇ ಕೈಯಲ್ಲಿ ಕತ್ತು ಕೆರೆದುಕೊಂಡ. ಮುಗಿಯಿತು. ಚಾಕು ಎಸೆದು ಅಡುಗೆಮನೆ ತುಂಬ ಕುಣಿಯತೊಡಗಿದ.

"ಅಯ್ಯೋ ಅಮ್ಮೇ, ಚೊರಿಯುನ್ನು! ವಾಟ್ ಈಸ್ ದಿಸ್? ವೈ ಡಿಡ್ನ್ಟ್ ಯು ಟೆಲ್ ಮೀ!"

ನಾವು ಬಂದಾಗಿನಿಂದ ಸೋಫಾ ಬಿಟ್ಟೇಳದಿದ್ದ ದಾಮೋದರ ಎದ್ದೋಡಿ ಬಂದರು. "ಮೊದ್ಲೇ ಹೇಳ್ಬಾರ್ದೇನೇ? ಏನು ಹೆಂಗಸೋ ನೀನು! ಮಗು ಕೈ ನೋಡು ಹೆಂಗಾಗಿದೆ!"

ಮೂವತ್ತು ದಾಟಿದ ಮಗು. "ತಪ್ಪಾಯ್ತು ಕಣೋ, ತಪ್ಪಾಯ್ತು" ಎನ್ನುತ್ತಾ ರತ್ನಮ್ಮ ಬೇಸಿನ್ನಿಗೆ ಮಜ್ಜಿಗೆ ಸುರಿದು ಅದರಲ್ಲಿ ಮಗನ ಕೈ ಅದ್ದಿ ಹಿಡಿದರು. ಅವರ ಕೈಯ ದದ್ದು ಹುಣಸೆರಸ ಹಚ್ಚಿದ ಮೇಲೂ ಹಾಗೇ ಕಾಣುತ್ತಿತ್ತು. ಅಪ್ಪನೂ ನೋಡಲಿಲ್ಲ, ಮಗನೂ ನೋಡಲಿಲ್ಲ.

ಮಹತಿ ಕುಟ್ಟಾಣಿಯನ್ನು ಸದ್ದಿಲ್ಲದೆ ಕೆಳಗಿಟ್ಟು ಕೈ ತೊಳೆದುಕೊಂಡಳು.

ಉರಿ ಸ್ವಲ್ಪ ತಗ್ಗಿದ ಮೇಲೆ ಸುಧನ್ವ ಬೇಸಿನ್ನನ್ನು ತೊಡೆಯ ಮೇಲಿಟ್ಟುಕೊಂಡು ಹಾಲ್‌ನಲ್ಲಿ ಕೂತ. ಇಂಥ ಸ್ಥಿತಿಯಲ್ಲೂ ಅವನ ಧೈರ್ಯ ನೋಡಿ.

"ಸೋ, ಮಹತಿ, ವಾಟ್ ಡು ಯು ಥಿಂಕ್? ಅಬೌಟ್ ಅಸ್?"

"ರೋಸ್ಟ್ ತುಂಬಾ ಚೆನ್ನಾಗಿತ್ತು. ಮಾಡಿದವ್ರಿಗೆ ಹೇಳಿ" ಎಂದಳು ಮಹತಿ. "ಈ ಮದುವೆ ಬೇಡ ಸುಧನ್ವ."

ದಾಮೋದರ ಕೆರಳಿದರು. "ಒಂದು ಗೆಡ್ಡೆಗೋಸ್ಕರ ಸಂಬಂಧ ಬೇಡ ಅಂತೀಯೇನಮ್ಮ? ದಾಕ್ಷಾಯಣಿಯವರೇ, ನೀವಾದ್ರೂ ಬುದ್ಧಿ ಹೇಳಿ."

"ಕೂತ್ಕೊಳಿ ಸಾರ್" ಎಂದೆ. "ನಿಂತು ಅಭ್ಯಾಸ ಇಲ್ಲ ನಿಮ್ಗೆ."

ಬೀಳ್ಕೊಡಲು ರತ್ನಮ್ಮ ಒಬ್ಬರೇ ಕೆಳಗಿನ ಗೇಟಿನವರೆಗೆ ಬಂದರು. ನಮಗೆ ಕುಂಕುಮ ಕೊಟ್ಟರು. ಇಷ್ಟು ಹೊತ್ತು ಅಪ್ಪ ಮಗನನ್ನು ಆಡಿಕೊಂಡ ನಾಲಿಗೆಗೆ ಇವರೆದುರು ಏನೂ ತೋಚಲಿಲ್ಲ.

"ಬೇಜಾರಾಯ್ತಾ ಆಂಟಿ?" ಎಂದಳು ಮಹತಿ.

"ಆಯ್ತಪ್ಪ. ಆಗದೆ ಇರತ್ತಾ? ಮನೇಲಿ ಕನ್ನಡದಲ್ಲಿ ಮಾತಾಡೋಕೆ ಒಬ್ರು ಬರ್ತಾರೆ ಅಂದ್ಕೊಂಡಿದ್ದೆ." ಸ್ವಲ್ಪ ತಡೆದು, "ಮುಂದಿನ ಭಾನುವಾರ ಪಾಲಕ್ಕಾಡಿಂದ ಇನ್ನೊಂದು ಹುಡುಗಿ ಬರ್ತಾಳೆ" ಎಂದರು.

"ಅವ್ಳಿಗೂ ಗೆಡ್ಡೆನಾ?" ಎಂದೆ ನಾನು.

"ಕ್ಯಾರೆಟ್" ಎಂದರು ರತ್ನಮ್ಮ. ಎಂದವರು ತಮ್ಮ ಮಾತಿಗೆ ತಾವೇ ಬೆಚ್ಚಿದ ಹಾಗೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ನಗು ಜೋರಾಗಿ ಕಣ್ಣಲ್ಲಿ ನೀರು ಬಂತು.

ಆಟೊ ಬಂದು ನಿಂತಿತು. ನಾವು ಹತ್ತಿದೆವು. ಬಾಲ್ಕನಿಯಿಂದ ಬಗ್ಗಿ ದಾಮೋದರ ಕೂಗಿದರು, "ರತ್ನಾ! ಎಷ್ಟು ಹೊತ್ತೇ? ಮೇಲೆ ಬಾ!"

ರತ್ನಮ್ಮ ಮೇಲೆ ನೋಡಲಿಲ್ಲ. "ಸ್ವಲ್ಪ ಸರ್ಕೊಳಿ" ಎಂದರು ನನಗೆ.

"ಎಲ್ಲಿಗೆ ರೀ?"

"ಸ್ಟೇಷನ್‌ವರೆಗೆ ಬರ್ತೀನಿ."

ಮಹತಿ ಬ್ಯಾಗನ್ನು ತೊಡೆಯ ಮೇಲೆ ಎತ್ತಿಕೊಂಡಳು. ರತ್ನಮ್ಮ ಸೀರೆಯ ನೆರಿಗೆ ಎತ್ತಿ ಹಿಡಿದು, ಮನೆಯಲ್ಲಿ ಹಾಕುವ ರಬ್ಬರ್ ಚಪ್ಪಲಿಯಲ್ಲೇ ಆಟೊ ಹತ್ತಿ ನನ್ನ ಪಕ್ಕ ಒತ್ತಿಕೊಂಡು ಕೂತರು. ಡ್ರೈವರ್ ಮೀಟರ್ ತಿರುಗಿಸಿದ.