ಅಜ್ಜನ ಕತ್ತರಿ

ನಮ್ಮ ಹೊಲಿಗೆ ಅಂಗಡಿಯಲ್ಲಿ ದೇವರ ಪಟದ ಪಕ್ಕ, ಗಾಜಿನ ಪೆಟ್ಟಿಗೆಯೊಳಗೆ ಒಂದು ಕತ್ತರಿ ಇದೆ. ಅಂಗಡಿ ಇಟ್ಟ ಅಜ್ಜನದು, ಅಂದರೆ ನನ್ನ ಮಾವನ ತಂದೆಯದು. ಯಾವ ಬಟ್ಟೆ ಬಂದರೂ ಮಾವ ಆ ಕತ್ತರಿಯನ್ನು ಕಣ್ಣಿಗೊತ್ತಿಕೊಂಡು ಅದರಿಂದಲೇ ಮೊದಲ ಕತ್ತರಿ ಹಾಕಬೇಕು. ಉಳಿದದ್ದು ನನ್ನ ಕೆಲಸ. ಅಜ್ಜ ತೀರಿಕೊಂಡ ಮೇಲೆ ಅದಕ್ಕೆ ಸಾಣೆ ಹಿಡಿಸಿಲ್ಲ. ಹಿಡಿಸಿದರೆ ಅವರ ಕೈಗುಣ ಹೋಗಿಬಿಡುತ್ತದಂತೆ. ಹಾಗಾಗಿ ಆ ಕತ್ತರಿ ಬಟ್ಟೆಯನ್ನು ಕತ್ತರಿಸುವುದಿಲ್ಲ, ಜಗಿಯುತ್ತದೆ. ಜಗಿದ ಅಂಚು ಹೊಲಿಗೆಯೊಳಗೆ ಮುಚ್ಚಿಹೋಗಲಿ ಎಂದು ಗಿರಾಕಿಗಳಿಗೆ ಬಟ್ಟೆ ಸ್ವಲ್ಪ ಹೆಚ್ಚೇ ತರಲು ಹೇಳುತ್ತೇನೆ. ಭಕ್ತಿ ನಮ್ಮದು, ಖರ್ಚು ಅವರದು.

ಆವತ್ತು ಟೀಚರೊಬ್ಬರು ತೀರಿಕೊಂಡ ತಾಯಿಯ ರೇಷ್ಮೆ ನಿಲುವಂಗಿ ತಂದುಕೊಟ್ಟು, ಮಗಳಿಗೊಂದು ಅಂಗಿ ಮಾಡಿಕೊಡಿ ಎಂದು ಹೋದರು. ಹೊಲಿಗೆ ಬಿಚ್ಚಿ, ಹರವಿ, ಅಳೆದು ಗೆರೆ ಹಾಕಿದೆ. ಸರಿಯಾಗಿ ಒಂದು ಅಂಗಿಗೆ ಸಾಕು, ಬೆರಳಗಲ ಹೆಚ್ಚಿಲ್ಲ. ಕೆಟ್ಟರೆ ಇನ್ನೊಂದು ತನ್ನಿ ಎನ್ನಲು ಆ ತಾಯಿ ಎಲ್ಲಿದ್ದಾರೆ?

ಮಾವ ಪೆಟ್ಟಿಗೆ ತೆರೆದರು.

“ಮಾವ, ಇದಕ್ಕೆ ಅದು ಬೇಡ.”

“ಬೇಡ ಅಂದ್ರೆ?”

“ಜಗಿದ್ರೆ ಬಟ್ಟೆ ಹೋಯ್ತು. ಅವರಿಗೆ ಏನಂತ ಮುಖ ತೋರ್ಸೋದು?”

“ಅಪ್ಪನ ಕತ್ತರಿ ಬಗ್ಗೆ ಹಂಗೆಲ್ಲ ಮಾತಾಡ್ಬಾರ್ದಮ್ಮ.”

“ಅಜ್ಜ ಇದ್ದಿದ್ರೆ ಈ ಮೊಂಡು ಕತ್ತರಿ ಹಿಡ್ಕೊಂಡು ರೇಷ್ಮೆ ಮುಟ್ಟೋಕೆ ಬಿಡ್ತಿದ್ರಾ?”

ನನ್ನ ಗಂಡ ಮಷಿನ್ ನಿಲ್ಲಿಸಿದ, ತಲೆ ಮಾತ್ರ ಎತ್ತಲಿಲ್ಲ. ಅಪ್ಪನಿಗೂ ಹೆಂಡತಿಗೂ ನಡುವೆ ಬಾಯಿ ಹಾಕುವಷ್ಟು ದಡ್ಡನಲ್ಲ ಅವನು.

ಮಾವ ಕತ್ತರಿ ಹಿಡಿದು ಬಟ್ಟೆಯ ಮೇಲೆ ಬಗ್ಗಿದರು. ಅದರ ಬಾಯಿ ತೆರೆಯಿತು, ಮುಚ್ಚಲಿಲ್ಲ. ನಾನು ಹಿಂದುಮುಂದು ನೋಡದೆ ನನ್ನ ಕತ್ತರಿ ತೂರಿಸಿ ಗೆರೆಯುದ್ದಕ್ಕೂ ಕತ್ತರಿಸಿಬಿಟ್ಟೆ. ಅಂಚಿನಲ್ಲಿ ಒಂದು ಎಳೆಯೂ ಎದ್ದಿರಲಿಲ್ಲ.

ಬೈಸಿಕೊಳ್ಳಲು ಸಿದ್ಧಳಾಗಿ ನಿಂತೆ. ಮಾವ ಸ್ಟೂಲಿನ ಮೇಲೆ ಕುಸಿದು ಕೂತು ಹಣೆಯ ಬೆವರು ಒರೆಸಿಕೊಂಡರು.

“ಒಂದೊಂದು ಸಲವೂ ಜೀವ ಕೈಲಿ ಹಿಡ್ಕೊಂಡೇ ಕತ್ತರಿ ಹಾಕ್ತಿದ್ದೆ ಕಣಮ್ಮ.”

ನನ್ನ ಎದೆಯ ಮೇಲಿನ ಭಾರ ಇಳಿದುಹೋಯಿತು. ನಗುವೂ ಬಂತು, ಸಿಟ್ಟೂ ಬಂತು.

“ಮತ್ತೆ ನೀವೇ ಬಿಡ್ಬಹುದಿತ್ತಲ್ಲ ಮಾವ?”

“ಮಗನಾಗಿ ನಾನು ಹೆಂಗೆ ಬಿಡ್ಲಿ? ಬೇರೆ ಯಾರಾದ್ರೂ ಬೇಡ ಅನ್ಲಿ ಅಂತ ಕಾಯ್ತಿದ್ದೆ,” ಎಂದು ಕಾಲು ನೀಡಿ ಗೋಡೆಗೆ ಒರಗಿಕೊಂಡರು. “ನೀನೂ ಬಹಳ ತಡ ಮಾಡ್ದೆ.”