ಪುಷ್ಪಾ ಕಡೆಯವರ ಟ್ರೇ

ಕಾಲುಂಗುರ ತೆಗೆದ ಜಾಗ ಮಾತ್ರ ಬೆಳ್ಳಗಿದೆ, ಉಳಿದ ಪಾದವೆಲ್ಲ ಕಪ್ಪು, ಹಿಮ್ಮಡಿ ಒಡೆದಿದೆ, ಹಸಿರು ಹೊದಿಕೆ ಕಾಲಿನವರೆಗೆ ಬರುತ್ತಿಲ್ಲ, ಎಳೆದು ಮುಚ್ಚಬೇಕು, ಮುಚ್ಚುತ್ತೇನೆ, ಅಮ್ಮ ಮತ್ತೆ ಒದೆಯುತ್ತಾಳೆ — ಒದ್ದಳೆಂದರೆ ಅರಿವಳಿಕೆ ಇಳಿಯುತ್ತಿದೆ, ಒಳ್ಳೆಯ ಲಕ್ಷಣ, ಪರೀಕ್ಷೆಯಲ್ಲಿ ಹೀಗೇ ಬರೆದು ಅಂಕ ತೆಗೆದುಕೊಂಡಿದ್ದೇನೆ, ರೋಗಿ ಮೊದಲು ಕೈಕಾಲು ಆಡಿಸುತ್ತಾರೆ, ಕರೆದರೆ ಕಣ್ಣು ಬಿಡುತ್ತಾರೆ, ಆಮೇಲೆ ಮಾತಾಡುತ್ತಾರೆ. ಮಾತಾಡುತ್ತಾಳೆ. ಅದೇ ಭಯ. ಕಣ್ಣು ಬಿಟ್ಟ ಕೂಡಲೇ ಅಮ್ಮ ಏನು ಕೇಳುತ್ತಾಳೆಂದು ನನಗೆ ಗೊತ್ತು, ಹೊರಗೆ ಬೆಂಚಿನ ಮೇಲೆ ಕೂತಿರುವ ಅಪ್ಪ ಏನು ಹೇಳುತ್ತಾರೆಂದೂ ಗೊತ್ತು, ಅದು ಸುಳ್ಳು ಎಂದು ಅಪ್ಪನಿಗೆ ಗೊತ್ತಿಲ್ಲ. ಬೆಳಿಗ್ಗೆ ವಾರ್ಡಿನಲ್ಲಿ ಈ ಕಾಲಿನಿಂದ ಉಂಗುರ ಬಿಚ್ಚಿದ್ದು ನಾನೇ, ಸೋಪು ಹಚ್ಚಿ, ಗಾಜಿನ ಬಳೆಗೂ ಸೋಪು ಹಚ್ಚಿ, ಒಂದನ್ನೂ ಒಡೀಬೇಡ ಕಣೇ, ನಿಮ್ಮಪ್ಪ ಗಟ್ಟಿಯಾಗಿದಾರೆ ಇನ್ನೂ, ಎಂದಳು, ಸಿಸ್ಟರ್ ನಕ್ಕರು, ತಾಳಿ ತೆಗೆಯುವಾಗ ಮಾತ್ರ ಗೋಡೆಯ ಕಡೆ ತಿರುಗಿಕೊಂಡಳು. ಚಿನ್ನ ಒಳಗೆ ಬರುವಂತಿಲ್ಲ ಎಂದು ಎಷ್ಟು ಹೆಂಗಸರಿಗೆ ಹೇಳಿದ್ದೇನೆ, ಅವರು ಕಣ್ಣೀರು ಹಾಕುವಾಗ ಬೇಗ ಬೇಗ ಎಂದಿದ್ದೇನೆ, ಅಮ್ಮನಿಗೆ ಏನೂ ಹೇಳಬೇಕಾಗಲಿಲ್ಲ, ಅರಿಶಿನ ಕೊಂಬು ಕಟ್ಟಿದ ದಾರ ಮನೆಯಿಂದಲೇ ತಂದಿದ್ದಳು, ಮೊದಲು ದಾರ ಕಟ್ಟು, ಆಮೇಲೆ ಸರ ತೆಗಿ, ಒಂದು ಗಳಿಗೇನೂ ಬರಿಗೊರಳಲ್ಲಿ ಇರಬಾರದು, ದಾರದಲ್ಲಿ ಲೋಹ ಇಲ್ಲವಲ್ಲ, ಒಳಗೆ ಬಿಡ್ತಾರಲ್ಲ, ನೀನೇ ಹೇಳಿದ್ದು. ತಾಳಿ ಕಾಲುಂಗುರ ಎಲ್ಲ ಅಪ್ಪನ ಕರವಸ್ತ್ರದೊಳಗೆ ಸೇರಿ ಅಂಗಿಯ ಜೇಬಿಗೆ ಹೋಯಿತು, ಆಗಿನಿಂದ ಅಪ್ಪನ ಕೈ ಮತ್ತೆ ಮತ್ತೆ ಜೇಬಿನ ಮೇಲೇ ಹೋಗಿ ಕೂರುತ್ತದೆ. ಗಾಲಿಮಂಚ ಆಪರೇಷನ್ ಥಿಯೇಟರಿನ ಬಾಗಿಲಿಗೆ ಬಂದಾಗ ಅಮ್ಮ ತನ್ನ ಹಸಿರು ನಿಲುವಂಗಿಯನ್ನೂ ನನ್ನ ಹಸಿರು ಬಟ್ಟೆಯನ್ನೂ ನೋಡಿ, ಇಬ್ರಿಗೂ ಒಂದೇ ಯೂನಿಫಾರಂ ಆಯ್ತು ನೋಡು, ಎಂದಳು, ಆಮೇಲೆ ಸಣ್ಣ ದನಿಯಲ್ಲಿ, ಹೊಟ್ಟೇಲಿರೋ ಗಡ್ಡೆ ತೆಗೆದ ಮೇಲೆ ಅದನ್ನ ನಿಮ್ಮಪ್ಪಂಗೆ ತೋರ್ಸೇ, ಕಣ್ಣಲ್ಲಿ ನೋಡದೆ ಅವ್ರು ಯಾವುದನ್ನೂ ನಂಬಲ್ಲ.

ನಂಬುವುದಿಲ್ಲ, ನಿಜ, ಭದ್ರಾವತಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು, ಈಗ ಊರವರ ಪಂಪು ಮೋಟಾರು ರಿಪೇರಿ, ಸವೆದ ಬೇರಿಂಗನ್ನು ಎಸೆಯದೆ ಒರೆಸಿ ಮೋಟಾರಿನವರ ಅಂಗೈಗೇ ಇಡುತ್ತಾರೆ, ನೋಡ್ಕೊಳಿ ಸ್ವಾಮಿ, ಹೋಗಿದ್ದು ಇದು, ಇನ್ನು ಓಡುತ್ತೆ. ಇಲ್ಲೂ ಅದೇ ಪದ್ಧತಿ ಅಂತ ನಾನೇ ಮನೆಯಲ್ಲಿ ಹೇಳಿದ್ದೆ, ಹೊಟ್ಟೆಯಿಂದ ತೆಗೆದದ್ದನ್ನು ಟ್ರೇಯಲ್ಲಿಟ್ಟು, ಮೇಲೆ ಬಟ್ಟೆ ಮುಚ್ಚಿ, ಲ್ಯಾಬಿಗೆ ಕಳಿಸುವ ಮೊದಲು ಬಾಗಿಲಿಗೆ ತಂದು ಮನೆಯವರಿಗೆ ತೋರಿಸುತ್ತೇವೆ, ಆ ಕೆಲಸ ನಮ್ಮಂಥ ವಿದ್ಯಾರ್ಥಿಗಳದ್ದು, ಅಪ್ಪ ಅನ್ನ ಕಲಸುವುದನ್ನು ನಿಲ್ಲಿಸಿ ಕೇಳಿದ್ದರು, ಇದು ಸರಿಯಾದ ಕೆಲಸ, ಎಂದಿದ್ದರು. ನನ್ನ ಓದಿನಲ್ಲಿ ಅಪ್ಪನಿಗೆ ಪೂರ್ತಿ ಅರ್ಥವಾದದ್ದು ಅದೊಂದೇ. ಶರಾವತಿ ಅತ್ತೆ, ಅಪ್ಪನ ತಂಗಿ, ನಾನು ಥಿಯೇಟರ್ ಟೆಕ್ನಿಷಿಯನ್ ಓದಿಗೆ ಕಾಲೇಜು ಸೇರಿದಾಗ ಮೂಗು ಮುರಿದಿದ್ದಳು, ಡಾಕ್ಟ್ರೂ ಅಲ್ಲ ನರ್ಸೂ ಅಲ್ಲ ಅಂದ್ಮೇಲೆ ಇದೆಂಥ ಓದು, ಅದಕ್ಕೆ ಅಮ್ಮ, ಡಾಕ್ಟ್ರಿಗೆ ಕತ್ರಿ ಕೊಡೋಳು ಕಣ್ರೀ ನನ್ ಮಗಳು, ಅವಳು ಕೊಡದಿದ್ರೆ ಡಾಕ್ಟ್ರು ಹಲ್ಲಲ್ಲಿ ಕಚ್ಚಿ ಕುಯ್ತಾರಾ, ಬೀದಿಯಲ್ಲಿ ಅದೇ ಮಾತಾಯಿತು. ಮೂರು ವರ್ಷದಿಂದ ಬೆಳಗಿನ ಬಸ್ಸು, ಸೀಟು ಸಿಕ್ಕರೆ ತೊಡೆಯ ಮೇಲೆ ಅಂಗರಚನೆಯ ಪುಸ್ತಕ, ಮಲವಗೊಪ್ಪದಲ್ಲಿ ಜನ ತುಂಬುತ್ತಾರೆ, ಪುಸ್ತಕ ಮುಚ್ಚಬೇಕು, ಹೊಟ್ಟೆಯ ಚಿತ್ರವಿರುವ ಪುಟಕ್ಕೆ ಬೆರಳಿಟ್ಟು ಮುಚ್ಚುತ್ತಿದ್ದೆ, ಎಲ್ಲಿ ಏನಿದೆ, ಯಾವುದರ ಹಿಂದೆ ಯಾವುದು, ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದೆ, ಮನೆಗೆ ಬಂದರೆ ಅಮ್ಮ ಹೊಟ್ಟೆ ಉಬ್ಬಿ ಬಿಗಿಯಾದ ರವಿಕೆಯ ಹೊಲಿಗೆ ಬಿಚ್ಚುತ್ತಾ, ಗ್ಯಾಸು ಕಣೇ, ವಯಸ್ಸಾಯ್ತಲ್ಲ, ಎನ್ನುತ್ತಿದ್ದಳು, ಓದಿದ ಮಗಳು ನಾನು ಕಷಾಯಕ್ಕೆ ಜೀರಿಗೆ ಕುಟ್ಟಿ ಕೊಟ್ಟೆ. ಅಮ್ಮ ಕುಡಿದಳು, ಹಗುರಾಯ್ತು ಎಂದಳು. ಅದನ್ನು ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಹೊದಿಕೆ ಸರಿ ಮಾಡಿದೆ, ಬೆರಳಿಗೆ ಸಿಕ್ಕಿಸಿದ ಕ್ಲಿಪ್ಪು ಸರಿ ಮಾಡಿದೆ, ಉಸಿರು ಚೆನ್ನಾಗಿದೆ, ನಾಡಿ ಚೆನ್ನಾಗಿದೆ, ಎಲ್ಲಾ ಚೆನ್ನಾಗಿದೆ, ನೋಡಿದವರು ಹಾಗೇ ಎನ್ನಬೇಕು. ನಮ್ಮವರ ಆಪರೇಷನ್‌ನಲ್ಲಿ ನಾವು ನಿಲ್ಲುವಂತಿಲ್ಲ, ಹಾಲಸ್ವಾಮಿ ಸರ್ ನಿನ್ನೆಯೇ ಹೇಳಿದ್ದರು, ಥಿಯೇಟರಿನ ಹಿರಿಯ ಟೆಕ್ನಿಷಿಯನ್ ಅವರು, ನಮಗೆ ಕೆಲಸ ಕಲಿಸುವವರು, ನೀನು ಪಕ್ಕದ ಥಿಯೇಟರಿಗೆ ಹೋಗು ಮಾರಾಯ್ತಿ, ಅಲ್ಲಿ ಗರ್ಭಕೋಶದ ಕೇಸು, ಕೈಗೆ ಕೆಲಸ ಇದ್ರೆ ತಲೆ ಅಲ್ಲಿ ಇಲ್ಲಿ ಓಡಲ್ಲ. ಹೋದೆ, ಮಲವಗೊಪ್ಪದ ಪುಷ್ಪಾ, ಮೇಜಿನ ಮೇಲೆ ಮಲಗಿ ನನ್ನ ಕೈ ಹಿಡಿದು, ನೋವಾಗಲ್ಲ ಅಲ್ವಾ, ಎಂದರು, ನಿದ್ದೆ ಬಂದಂಗೆ ಆಗುತ್ತೆ ಅಷ್ಟೇ ಅಕ್ಕ, ಎಂದೆ, ಇದೇ ಮಾತು ಆ ಕಡೆ ಅಮ್ಮನಿಗೆ ಯಾರು ಹೇಳುತ್ತಿದ್ದಾರೋ, ಗೋಡೆ ಒಂದೇ ಅಡ್ಡ. ಕೈಗೆ ಕೆಲಸ ಇತ್ತು, ತಲೆ ಓಡಿತು, ಈಗ ಚರ್ಮ, ಈಗ ಕೊಬ್ಬು, ಈಗ ಪೊರೆ, ಈಗ ಗಡ್ಡೆ ಕಂಡಿರಬೇಕು, ಈಗ ಬಿಡಿಸುತ್ತಿರಬೇಕು, ಗಡ್ಡೆ ದೊಡ್ಡದು, ತಡವಾಗುತ್ತದೆ, ತಡವಾಗಲಿ ದೇವರೇ, ತಡವಾಗಲಿ ಎಂದು ಬೇಡಿಕೊಂಡೆ. ಹೊರಗೆ ಕಾಯುವವರು ಬೇಗ ಮುಗಿಯಲಿ ಎಂದು ಬೇಡುತ್ತಾರೆ, ಒಳಗಿನವರಿಗೆ ಗೊತ್ತು, ಇಂಥ ಹೊಟ್ಟೆಯನ್ನು ತೆರೆದು ಬೇಗ ಮುಚ್ಚಿದರೆ ಅದರ ಅರ್ಥ ಒಂದೇ. ಪುಷ್ಪಾ ಅವರದ್ದು ಇನ್ನೂ ಅರ್ಧವೂ ಆಗಿರಲಿಲ್ಲ, ಹಾಲಸ್ವಾಮಿ ಸರ್ ಬಾಗಿಲು ತಳ್ಳಿಕೊಂಡು ಬಂದರು, ಬಂದದ್ದನ್ನು ನೋಡಿಯೇ ಗೊತ್ತಾಯಿತು, ಮಾಸ್ಕಿನ ಮೇಲಿನ ಕಣ್ಣು ನನ್ನನ್ನು ನೋಡಲಿಲ್ಲ, ಪಕ್ಕದಲ್ಲಿ ನಿಂತು ಮೆಲ್ಲಗೆ, ಮುಚ್ತಿದಾರೆ ಕಣಮ್ಮ, ಎಲ್ಲಾ ಕಡೆ ಹರಡಿದೆ, ಕರುಳಿಗೆಲ್ಲ ಅಂಟ್ಕೊಂಡಿದೆ, ಮುಟ್ಟೋ ಹಂಗಿಲ್ಲ, ಪರೀಕ್ಷೆಗೆ ಒಂದು ಚೂರು ತಗೊಂಡ್ರು ಅಷ್ಟೇ. ಇನ್ನೊಂದು ಕೇಸು ಮುಗಿಸಿ ಸರ್ಜನ್ ಮೇಡಂ ತಾವೇ ನಿಮ್ಮಪ್ಪಂಗೆ ಹೇಳ್ತಾರಂತೆ, ಅಲ್ಲೀತನಕ ನೀನು ಏನೂ ಹೇಳೋಕೆ ಹೋಗ್ಬೇಡ. ಸರಿ ಸರ್, ಎಂದೆ. ಸರಿ ಸರ್ ಎಂದೆನಲ್ಲ, ಕೇಳಿದ ಕತ್ತರಿಯನ್ನೂ ಕೊಟ್ಟೆ, ನೂಲನ್ನೂ ಕೊಟ್ಟೆ, ಒಂದೂ ತಪ್ಪಲಿಲ್ಲ, ಮೂರು ವರ್ಷದಲ್ಲಿ ಕಲಿತದ್ದು ಇಷ್ಟು ಚೆನ್ನಾಗಿ ಕಲಿತಿದ್ದೇನೆಂದು ಇವತ್ತೇ ಗೊತ್ತಾದದ್ದು.

ಆಮೇಲೆ ಟ್ರೇ. ಪುಷ್ಪಾ ಅವರ ಗರ್ಭಕೋಶ, ಗಂಟು ಬೆಳೆದು ಊದಿಕೊಂಡದ್ದು, ಟ್ರೇಯಲ್ಲಿಟ್ಟು ಬಟ್ಟೆ ಮುಚ್ಚಿ ಕೊಟ್ಟರು, ತೋರಿಸ್ಕೊಂಡು ಬಾ ಎಂದರು, ಬೇರೆ ಯಾರಾದರೂ ಹೋಗಲಿ ಎನ್ನಬಹುದಿತ್ತು, ಎನ್ನಲಿಲ್ಲ, ಹೊರಗೆ ಹೋದರೆ ಅಪ್ಪನನ್ನು ಒಮ್ಮೆ ನೋಡಬಹುದು ಎಂದಿರಬೇಕು ಮನಸ್ಸು. ಮೊದಲು ಹೆಸರು ಕೂಗಬೇಕು, ಆ ಕಡೆಯವರು ಬಂದು ನಿಂತ ಮೇಲೆ ಬಟ್ಟೆ ಸರಿಸಬೇಕು, ಅದು ಕ್ರಮ, ಮೊದಲ ವಾರವೇ ಕಲಿಸುತ್ತಾರೆ. ಬಾಗಿಲು ತೆರೆದೆ, ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಎದ್ದು ಬಂದೇಬಿಟ್ಟಿದ್ದರು, ತಮ್ಮ ಮಗಳು ಟ್ರೇ ಹಿಡಿದು ಬಂದಿದ್ದಾಳೆ, ಮತ್ತೆ ಯಾರದ್ದಿರುತ್ತದೆ, ಪುಷ್ಪಾ ಅವರ ಗಂಡ ಕಾಂತರಾಜ್ ಟೀ ಕುಡಿಯಲು ಕೆಳಗೆ ಹೋಗಿದ್ದರಂತೆ, ಬೆಂಚಿನಿಂದ ಬೇರೆ ಯಾರೂ ಏಳಲಿಲ್ಲ. ಮುಗೀತಾ ಮಗಾ, ಇಷ್ಟು ಬೇಗ ಆಯ್ತಾ, ಎಲ್ಲಿ ನೋಡೋಣ. ಇದು ನಮ್ಮದಲ್ಲ ಅಪ್ಪ — ಅಷ್ಟೇ ಹೇಳಬೇಕಿತ್ತು, ಮೂರು ಮಾತು, ಹೇಳಿದ್ದರೆ ಅಪ್ಪ ಮರುಕ್ಷಣ ಕೇಳುತ್ತಿದ್ದರು, ಹಂಗಾದ್ರೆ ನಮ್ಮದೆಲ್ಲಿ, ಅದಕ್ಕೆ ನನ್ನ ಹತ್ತಿರ ಏನಿತ್ತು, ಬಾಯಿ ಬಿಡಬೇಡ ಎಂದಿದ್ದರು ಸರ್, ಇಲ್ಲ, ಸರ್ ಮೇಲೆ ಹಾಕುವುದು ಬೇಡ, ಅಪ್ಪನ ಮುಖ ನೋಡಿ ನನಗೇ ಆಗಲಿಲ್ಲ, ಬಟ್ಟೆ ಸರಿಸಿದ್ದು ನಾನೇ. ಅಪ್ಪ ಬಗ್ಗಿದರು, ಅಸಹ್ಯಪಡಲಿಲ್ಲ, ಮುಖ ತಿರುಗಿಸಲಿಲ್ಲ, ಕನ್ನಡಕ ಹಣೆಗೇರಿಸಿ, ಹಾಳಾದ ಪಾರ್ಟನ್ನು ನೋಡುವ ಹಾಗೆ ಆ ಬದಿ ಈ ಬದಿ ನೋಡಿದರು, ಮುಟ್ಟದೆ ಮೇಲಿನಿಂದಲೇ ಅಂಗೈ ಬಾಗಿಸಿ ಅಳತೆ ತೆಗೆದುಕೊಂಡರು, ಇಷ್ಟು ದೊಡ್ಡದನ್ನ ಹೊಟ್ಟೇಲಿಟ್ಕೊಂಡು ನನಗೆ ಬುತ್ತಿ ಕಟ್ತಿದ್ಲಲ್ಲ ಹೇಮಾ ನಿಮ್ಮಮ್ಮ, ಎಂದರು, ಬಂತಲ್ಲ, ಹೊರಗೆ ಬಂತಲ್ಲ, ಇನ್ನೇನೂ ಭಯವಿಲ್ಲ. ನಾನು ಬಟ್ಟೆ ಮುಚ್ಚಿದೆ. ಅಪ್ಪ ಕಿಟಕಿಯ ಹತ್ತಿರ ಹೋಗಿ ಅತ್ತೆಗೆ ಫೋನು ಹಚ್ಚಿದರು, ತೆಗೆದ್ರು ಕಣೇ ಶರಾವತಿ, ನಾನೇ ಕಣ್ಣಾರೆ ನೋಡಿದೆ, ಹೇಮಾನೇ ತಂದು ತೋರಿಸಿದ್ಲು, ಇಷ್ಟು ದೊಡ್ಡದು, ಫೋನಿನ ಆ ಕಡೆ ಇರುವವಳಿಗೆ ಅಪ್ಪ ಬಾಗಿಸಿದ ಕೈಯನ್ನು ಎತ್ತಿ ತೋರಿಸುತ್ತಿದ್ದರು. ಅಷ್ಟರಲ್ಲಿ ಕಾಂತರಾಜ್ ಮೆಟ್ಟಿಲು ಹತ್ತಿ ಬಂದರು, ಆಗ ಕೂಗಿದೆ, ಪುಷ್ಪಾ ಕಡೆಯವರು, ಅದೇ ಬಟ್ಟೆ ಸರಿಸಿ ಅದೇ ಟ್ರೇಯನ್ನು ಮತ್ತೆ ತೋರಿಸಿದೆ, ಆ ಮನುಷ್ಯ ಸರಿಯಾಗಿ ನೋಡಲೂ ಇಲ್ಲ, ಸರಿ ಮೇಡಂ ಎಂದು ತಲೆ ತಗ್ಗಿಸಿದರು, ಅಪ್ಪ ನಮ್ಮ ಕಡೆ ಬೆನ್ನು ಹಾಕಿ ಇನ್ನೊಬ್ಬರಿಗೆ ಫೋನು ಮಾಡುತ್ತಿದ್ದರು.

ಅಮ್ಮನನ್ನು ಮಲಗಿಸಿದ ಈ ಕೋಣೆಗೆ ಬರುವಾಗ ಹಾಲಸ್ವಾಮಿ ಸರ್ ಲ್ಯಾಬಿಗೆ ಹೋಗುವ ಸೀಸೆಗೆ ಹೆಸರು ಅಂಟಿಸುತ್ತಿದ್ದರು, ಹಾಲಮ್ಮ, ಗಂಡ ಮೂರ್ತಪ್ಪ, ಒಳಗೆ ಫಾರ್ಮಲಿನ್ ದ್ರವದಲ್ಲಿ ಕಡಲೆಕಾಳಿನಷ್ಟು ಒಂದು ಚೂರು, ಅದು ನಮ್ಮದು, ತೋರಿಸುವುದಾದರೆ ಅದನ್ನು ತೋರಿಸಬೇಕಿತ್ತು. ಉಳಿದದ್ದೆಲ್ಲ ಈ ಹೊದಿಕೆಯ ಕೆಳಗೆ, ಹೊಸ ಹೊಲಿಗೆಯ ಕೆಳಗೆ, ಹಾಗೇ ಇದೆ. ಈಗಲೂ ಹೋಗಿ ಹೇಳಬಹುದು, ಮೇಡಂ ಹೇಳುವ ಮೊದಲು ನಾನು ಹೇಳಬೇಕು, ಮೇಡಂ ಹೇಳಿದರೆ ಅಪ್ಪ ಇಲ್ಲ ಮೇಡಂ ನಾನೇ ನೋಡಿದೀನಿ ಎನ್ನುತ್ತಾರೆ, ನನ್ನ ಮಗಳೇ ತೋರಿಸಿದ್ಲು ಎನ್ನುತ್ತಾರೆ, ಮೇಡಂ ನನ್ನ ಕಡೆ ನೋಡುತ್ತಾರೆ, ಆಮೇಲೆ ಅಪ್ಪ ನೋಡುತ್ತಾರೆ, ಆಮೇಲೆ ಅಪ್ಪ ಯಾವತ್ತಾದರೂ ನಾನು ತೋರಿಸಿದ್ದನ್ನು ನಂಬುತ್ತಾರಾ — ಹೇಮಾ, ಅಮ್ಮ ಕರೆದಳು, ತುಟಿ ಒಣಗಿದೆ, ಕಣ್ಣು ಪೂರ್ತಿ ಬಿಟ್ಟಿಲ್ಲ, ನೀರು ಕೊಡುವಂತಿಲ್ಲ ಈಗ, ಹತ್ತಿ ಒದ್ದೆ ಮಾಡಿ ತುಟಿಗೆ ಒತ್ತುತ್ತೇನೆ, ಮುಗೀತಾ, ಮುಗೀತು ಅಮ್ಮ, ನಿಮ್ಮಪ್ಪ, ಹೊರಗಿದ್ದಾರೆ, ಕರೀ. ಸಿಸ್ಟರ್ ಆಗಲೇ ಅಪ್ಪನನ್ನು ಒಳಗೆ ಬಿಟ್ಟಿದ್ದಾರೆ, ಹೊರಗಿನ ಚಪ್ಪಲಿ ಬಿಟ್ಟು ಇಲ್ಲಿಯ ಚಪ್ಪಲಿ ಹಾಕಿಕೊಂಡು, ಅಳತೆಗೆ ಸಾಲದ ಚಪ್ಪಲಿಯಲ್ಲಿ ಅಪ್ಪ ಸದ್ದು ಮಾಡದೆ ಬರುತ್ತಿದ್ದಾರೆ, ಮುಖ ತೊಳೆದುಕೊಂಡಿದ್ದಾರೆ, ತಲೆ ಬಾಚಿಕೊಂಡಿದ್ದಾರೆ. ಅಪ್ಪ, ಒಂದ್ನಿಮಿಷ ಹೊರಗೆ ಬನ್ನಿ, ಎನ್ನುತ್ತೇನೆ, ಎಂದೆನಾ, ಅಪ್ಪ ನನ್ನನ್ನು ದಾಟಿ ಮಂಚದ ಪಕ್ಕ ಹೋಗಿ ಅಮ್ಮನ ಹಣೆ ಮುಟ್ಟಿದ್ದಾರೆ, ಕೊರಳಿನ ದಾರ ಸರಿ ಮಾಡಿದ್ದಾರೆ, ಬಾಗಿಲಲ್ಲಿ ಹಾಲಸ್ವಾಮಿ ಸರ್, ಮೂರ್ತಪ್ಪನವರೇ, ಮೇಡಂ ಕರೀತಿದಾರೆ, ಸ್ವಲ್ಪ ಬನ್ನಿ, ಬಂದೆ ಸಾರ್ ಬಂದೆ, ಅಪ್ಪ ಕದಲುವುದಿಲ್ಲ, ಅಮ್ಮ ಕೇಳುತ್ತಿದ್ದಾಳೆ, ಎಷ್ಟಿತ್ತು, ನೋಡಿದ್ರಾ, ಅಪ್ಪ ಜೇಬಿನ ಮೇಲಿದ್ದ ಕೈ ತೆಗೆದು ಅವಳ ಕಣ್ಣಿನ ಹತ್ತಿರ ಹಿಡಿಯುತ್ತಾರೆ, ಬೆರಳು ಬಾಗಿಸುತ್ತಾರೆ, ಇಷ್ಟು, ಬುಡಸಮೇತ ಬಂದಿದೆ, ಬೇಕಾದ್ರೆ ನಿನ್ ಮಗಳನ್ನೇ ಕೇಳು, ಅಮ್ಮ ನನ್ನ ಕಡೆ ತಿರುಗುತ್ತಾಳೆ, ಹೌದೇನೇ, ನಾನು ತಲೆಯಾಡಿಸುತ್ತೇನೆ, ಆಡಿಸಿಬಿಟ್ಟೆ, ಅಮ್ಮ ಸೂಜಿ ಚುಚ್ಚಿದ ಕೈಯನ್ನು ಮೆಲ್ಲಗೆ ಎತ್ತಿ ತಾನೂ ಬೆರಳು ಬಾಗಿಸುತ್ತಾಳೆ, ಇಷ್ಟಾ, ಅಲ್ಲ, ಇನ್ನೂ ದೊಡ್ಡದು, ಅಪ್ಪ ಅವಳ ಬೆರಳು ಹಿಡಿದು ಅಗಲಿಸುತ್ತಾರೆ, ಅಮ್ಮ ನಗುತ್ತಾಳೆ, ಮೂರ್ತಪ್ಪನವರೇ, ಸರ್ ಮತ್ತೆ ಕರೆಯುತ್ತಾರೆ, ಅಪ್ಪ ಹೊರಡುತ್ತಾರೆ, ನಾನು ಹೋಗಬೇಕು, ಹಿಂದೆಯೇ ಹೋಗಬೇಕು, ಅಮ್ಮನ ಹೊದಿಕೆ ಎಳೆದು ಮುಚ್ಚುತ್ತಿದ್ದೇನೆ, ಅಪ್ಪ ಬಾಗಿಲ ಹತ್ತಿರ ಹೋದರು, ಕೈ ಕೆಳಗಿಳಿಸಿದ್ದಾರೆ, ಬೆರಳು ಇನ್ನೂ ಬಿಚ್ಚಿಲ್ಲ, ಅಳತೆ ಹಿಡಿದುಕೊಂಡೇ ಹೋಗುತ್ತಿದ್ದಾರೆ, ಆ ಬೆರಳು, ಬಾಗಿದ ಆ ಬೆರಳು, ಅಪ್ಪನ ಕೈ, ಏನೂ ಇಲ್ಲದ ಅಪ್ಪನ ಕೈ